ಎರೆಹೊಲದ ಲೆಕ್ಕ ಬಲ್ಲವನು

(ಲಿಂಗಸೂಗೂರು ತಾಲ್ಲೂಕಿನ ನಮ್ಮೂರಿನಲ್ಲಿ, ಅಪ್ಪ ತೀರಿಕೊಂಡು ವರ್ಷವಾದ ದಿನ ಸೇರಿದ್ದ ಜನರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ಶರಣು.

ನನಗಿಂತ ಮೊದಲು ಮಾತಾಡಿದ ಹಿರಿಯರೆಲ್ಲ ಅಪ್ಪನನ್ನು ಮನಸಾರೆ ಹೊಗಳಿದರು. ಬಹಳ ದುಡಿದ, ಎತ್ತಿನ ಜೊತೆ ಎತ್ತಾಗಿ ದುಡಿದ ಅಂದರು. ಕೇಳುತ್ತ ಕೂತ ನಮಗೆ ಕಣ್ಣು ತುಂಬಿ ಬಂತು. ಆದರೂ ಒಂದು ಮಾತು ಹೇಳಬೇಕು ಅನಿಸುತ್ತಿದೆ. ಎತ್ತಿನ ಹಾಗೆ ದುಡಿದ ಅಂದಾಗ ಅವನ ರಟ್ಟೆ ನೆನಪಾಗುತ್ತೆ, ತಲೆ ನೆನಪಾಗೋದಿಲ್ಲ. ಈ ಊರಲ್ಲಿ ದುಡಿಯದೆ ಉಂಡವರು ಎಷ್ಟು ಜನ ಇದ್ದಾರು? ಎಲ್ಲರೂ ದುಡಿದವರೇ. ದುಡಿದೂ ಮುಳುಗಿದವರು ಇದ್ದಾರೆ, ದುಡಿದು ದಡ ಸೇರಿದವರೂ ಇದ್ದಾರೆ. ಅಪ್ಪ ದಡ ಸೇರಿದ್ದು ಹೇಗೆ ಅಂತ ನಾನು ಬಹಳ ಯೋಚಿಸಿದ್ದೀನಿ. ಅವನು ಲೆಕ್ಕ ಬಲ್ಲವನಾಗಿದ್ದ. ಮಳೆಯ ಲೆಕ್ಕ, ಮಣ್ಣಿನ ಲೆಕ್ಕ, ಕಾಳಿನ ಲೆಕ್ಕ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು ನಾನು. ಅದಕ್ಕೇ ಇವತ್ತು ಅವನ ಬುದ್ಧಿಯ ಬಗ್ಗೆ ಮಾತಾಡುತ್ತೇನೆ. ಬೆವರಿನ ಬಗ್ಗೆ ನೀವೆಲ್ಲ ಆಗಲೇ ಹೇಳಿದ್ದೀರಿ.

ಅಪ್ಪ ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ. ರಜಾಕಾರರ ಗದ್ದಲ ಮುಗಿದ ಮರುವರ್ಷ ಹುಟ್ಟಿದವನು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಅಂದರೆ 1948ರ ಸೆಪ್ಟೆಂಬರ್ 17ಕ್ಕೆ ಈ ನಾಡು ನಿಜಾಮನ ಕೈಯಿಂದ ಬಿಡುಗಡೆಯಾದ ಮೇಲೆ. ಶಾಲೆಯ ದಾಖಲೆಯಲ್ಲಿ ಮಾತ್ರ ಜೂನ್ 1 ಅಂತಿದೆ. ಇಲ್ಲಿ ಕೂತವರಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1, ಅಲ್ವಾ? ಮಾಸ್ತರು ಹೆಸರು ಬರೆದುಕೊಂಡ ದಿನವೇ ನಮಗೆಲ್ಲ ಹುಟ್ಟುಹಬ್ಬ.

ಶಾಲೆ ಮೂರನೇ ಇಯತ್ತೆಗೆ ಮುಗಿಯಿತು. ಅಜ್ಜ ಮಾಡಿದ ಸಾಲಕ್ಕೆ ಅಪ್ಪನನ್ನು ದೊಡ್ಡ ಮನೆಯೊಂದರಲ್ಲಿ ಜೀತಕ್ಕೆ ಬಿಟ್ಟರು. ಯುಗಾದಿಯಿಂದ ಯುಗಾದಿಗೆ ಲೆಕ್ಕ. ವರ್ಷ ಮುಗಿದರೆ ಮತ್ತೊಂದು ಯುಗಾದಿ, ಸಾಲ ಇದ್ದಲ್ಲೇ. ಜೀತ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಅಷ್ಟರೊಳಗೆ ಅಪ್ಪ ತಾನೇ ದುಡಿದು ತೀರಿಸಿ ಹೊರಗೆ ಬಂದಿದ್ದ. ಆ ವರ್ಷಗಳ ಬಗ್ಗೆ ಅವನು ಹೆಚ್ಚು ಮಾತಾಡಲಿಲ್ಲ. ಆ ಮನೆಯಲ್ಲಿದ್ದ ಒಬ್ಬ ಮುದುಕ ಆಳು ತನಗೆ ಹೊಲ ನೋಡೋದು ಕಲಿಸಿದ ಅಂತ ಮಾತ್ರ ಹೇಳುತ್ತಿದ್ದ. ಆ ಹಿರಿಯನನ್ನು ನೆನೆಸಿಕೊಂಡಾಗಲೆಲ್ಲ ಕೈ ಮುಗಿಯುತ್ತಿದ್ದ. ಆ ಹಿರಿಯನ ಹೆಸರು ಯಾವ ದಾಖಲೆಯಲ್ಲೂ ಸಿಗೋದಿಲ್ಲ. ನಾನು ಇವತ್ತು ಹೇಳುವ ಎಷ್ಟೋ ಸಂಗತಿ ಅವನಿಂದ ಅಪ್ಪನಿಗೆ ಬಂದದ್ದು.

ಹೊಲ ನೋಡೋದು ಅಂದರೇನು? ಹುಡುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮದು ಎರೆಭೂಮಿ, ಅಂದರೆ ಕಪ್ಪುಮಣ್ಣು. ಕೃಷ್ಣಾ, ತುಂಗಭದ್ರಾ ಎರಡೂ ಹೊಳೆಗಳ ನಡುವೆ ಇದ್ದೀವಿ. ಹಳೇ ಶಾಸನಗಳಲ್ಲಿ ಈ ಸೀಮೆಯನ್ನು ಎಡೆದೊರೆ ನಾಡು ಅಂತ ಕರೆದಿದ್ದಾರೆ. ಎರಡು ಹೊಳೆಯ ನಡುವೆ ಇದ್ದೂ ನಮ್ಮೂರಿನ ಹೊಲಕ್ಕೆ ಹೊಳೆಯ ಒಂದು ಹನಿ ಬಂದಿಲ್ಲ. ಮಳೆಯೇ ಗತಿ. ಅದೂ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಬಂದರೆ ಬಂತು. ಈ ಮಳೆಯಲ್ಲಿ ಬಿಳಿಜೋಳ ಬೆಳೆಯೋದು ಸುಮ್ನೆ ಅಲ್ಲ. ಯಾಕಂದರೆ ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆ ಹೆಚ್ಚಾಗಿ ಇರೋದೇ ಇಲ್ಲ. ಆ ಬೆಳೆ ಬದುಕೋದು ಭೂಮಿಯೊಳಗೆ ಕೂಡಿಟ್ಟ ಹಸಿಯ ಮೇಲೆ. ಅಂದರೆ ಸೆಪ್ಟೆಂಬರಿನಲ್ಲಿ ಬಿತ್ತುವ ಬೆಳೆಗೆ ಜೂನಿನಿಂದಲೇ ನೀರು ಕೂಡಿಡಬೇಕು, ಮಣ್ಣಿನೊಳಗೆ.

ಅಪ್ಪ ಮುಂಗಾರಿನಲ್ಲಿ ಎರೆಹೊಲಕ್ಕೆ ಏನೂ ಬಿತ್ತುತ್ತಿರಲಿಲ್ಲ. ಪ್ರತಿ ಮಳೆ ಆದ ಮೇಲೆ ಕುಂಟಿ ಹೊಡೆದು, ಅಂದರೆ ಎತ್ತು ಎಳೆಯುವ ಅಗಲ ಅಲಗಿನಿಂದ ಮೇಲ್ಮಣ್ಣು ಕೆದಕಿ, ಹರಗುತ್ತಿದ್ದ. ನೋಡಿದವರಿಗೆ ಖಾಲಿ ಹೊಲದಲ್ಲಿ ಸುಮ್ನೆ ಎತ್ತು ತಿರುಗಿಸಿದ ಹಾಗೆ ಕಾಣುತ್ತಿತ್ತು. ಹರಗಿದರೆ ಕಸ ಸಾಯುತ್ತೆ, ಮೇಲಿನ ಮಣ್ಣು ಪುಡಿಯಾಗಿ ಮುಚ್ಚಿಕೊಳ್ಳುತ್ತೆ, ಮುಂದಿನ ಮಳೆ ಹರಿದುಹೋಗದೆ ಒಳಗಿಳಿಯುತ್ತೆ. ಬೇಸಿಗೆಯಲ್ಲಿ ಒಡ್ಡು ರಿಪೇರಿ. ಎರೆಮಣ್ಣಿನ ಒಡ್ಡು ಬಿರುಕು ಬಿಟ್ಟು ಒಡೆಯೋದು ಬೇಗ. ಅದಕ್ಕೆ ನೀರು ಹೊರಗೆ ಹೋಗುವ ಜಾಗದಲ್ಲಿ ಕಲ್ಲು ಕಟ್ಟುತ್ತಿದ್ದ. ಬಳ್ಳಾರಿಯಲ್ಲಿ 1954ರಿಂದ ಮಣ್ಣು ಮತ್ತು ನೀರು ಉಳಿಸುವ ಸಂಶೋಧನಾ ಕೇಂದ್ರ ಇದೆ. ನಮ್ಮಂಥ ಎರೆಭೂಮಿಯಲ್ಲಿ ಮಳೆನೀರನ್ನು ಬಿದ್ದಲ್ಲೇ ಹೇಗೆ ಹಿಡಿದಿಡಬೇಕು ಅನ್ನೋದೇ ಅವರ ದೊಡ್ಡ ಕೆಲಸ. ಅಪ್ಪ ಆ ಕೇಂದ್ರ ನೋಡಿದವನಲ್ಲ. ಅವನು ಮಾಡುತ್ತಿದ್ದದ್ದೂ ಅದೇ ಕೆಲಸ.

ಬಿತ್ತುವ ಹೊತ್ತು ಬಂದಾಗ ಅವನ ಮುಖ ನೋಡಬೇಕಿತ್ತು. ಮನೆಯಲ್ಲಿ ಯಾರ ಜೊತೆಗೂ ಮಾತಿಲ್ಲ. ಸೆಪ್ಟೆಂಬರಿನ ನಡುವೆ ಬರುವ ಉತ್ತರಿ ಮಳೆ ನಿಂತ ಮರುದಿನ ಬೆಳಗ್ಗೆ ಹೊಲಕ್ಕೆ ಹೋಗಿ, ಹಿಮ್ಮಡಿಯಿಂದ ಮೇಲಿನ ಮಣ್ಣು ಸರಿಸುತ್ತಿದ್ದ. ಕೆಳಗಿನ ಮಣ್ಣು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ಉಂಡೆ ಕಟ್ಟುತ್ತಿದ್ದ. ಆ ಉಂಡೆಯನ್ನು ಸೊಂಟದ ಎತ್ತರದಿಂದ ಕೈಬಿಟ್ಟು ನೋಡುತ್ತಿದ್ದ. ಅಂಟಿಕೊಂಡು ಮುದ್ದೆಯಾಗಿ ಬಿದ್ದರೆ ಹಸಿ ಜಾಸ್ತಿ, ಇನ್ನೆರಡು ದಿನ ತಡಿ. ಪುಡಿಪುಡಿಯಾದರೆ ಹಸಿ ಸಾಲದು. ಬಿದ್ದು ಮೂರ್ನಾಲ್ಕು ಹೋಳಾದರೆ ಅವತ್ತೇ ಬಿತ್ತುವ ಕೂರಿಗೆ ಹೂಡಬೇಕು. ಒಂದೇ ಕಡೆ ನೋಡಿದರೆ ಸಾಲದು, ದಿಬ್ಬದ ಕಡೆ ಒಮ್ಮೆ, ತಗ್ಗಿನ ಕಡೆ ಒಮ್ಮೆ. ನಾನು ಹಿಂದೆ ಹೋಗಿದ್ದರೆ ನನ್ನ ಕೈಗೂ ಮಣ್ಣು ಕೊಡುತ್ತಿದ್ದ. "ಹಿಚುಕಿ ನೋಡವಾ, ಹಸಿಗೆ ಹಸಿ ಕೂಡ್ಯಾದೇನು?" ಮೇಲಿಂದ ಇಳಿದ ಹಸಿ, ಒಳಗೆ ಮೊದಲೇ ಇದ್ದ ಹಸಿ ಎರಡೂ ಒಂದಾಗಿರಬೇಕು. ನಡುವೆ ಒಣಮಣ್ಣಿನ ಪದರ ಉಳಿದರೆ ಬೇರು ಅಲ್ಲೇ ನಿಂತುಬಿಡುತ್ತೆ. ನಾನು ದೊಡ್ಡ ದೊಡ್ಡ ಪುಸ್ತಕ ಓದಿದ್ದೀನಿ. ಇಷ್ಟು ಚೆಂದವಾಗಿ ಯಾರೂ ನನಗೆ ಪಾಠ ಮಾಡಿಲ್ಲ.

ಉತ್ತರಿಗೆ ಬಿತ್ತಬೇಕೋ ಅದರ ಮುಂದಿನ ಹಸ್ತ ಮಳೆಗೆ ಕಾಯಬೇಕೋ ಅನ್ನೋದು ಈ ಊರಿನ ಹಳೇ ವಾದ. ಅಪ್ಪನದು ಉತ್ತರಿ ಪಕ್ಷ. ಇದ್ದ ಹಸಿಯನ್ನು ಬಿಸಿಲಿಗೆ ಕೊಡಬಾರದು ಅನ್ನುತ್ತಿದ್ದ. ಮೊದಲೇ ಬಿತ್ತಿ ಮೇಲೆ ಜೋರು ಮಳೆ ಹೊಡೆದರೆ ಮಣ್ಣು ಹೆಪ್ಪುಗಟ್ಟಿ ಮೊಳಕೆ ಏಳೋದಿಲ್ಲ ಅಂತ ಎದುರು ಪಕ್ಷ. ಹೊಲದ ನೆರೆಯ ಮಾವ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಅವರು ಹಸ್ತದವರು. ಇಬ್ಬರೂ ಬದುವಿನ ಮೇಲೆ ನಿಂತು ಮಧ್ಯಾಹ್ನದವರೆಗೂ ವಾದ ಮಾಡಿದ್ದನ್ನು ನಾನೇ ನೋಡಿದ್ದೀನಿ. ರೊಟ್ಟಿ ಬುತ್ತಿ ತಣ್ಣಗಾಗಿ ಅವ್ವ ಬೈದದ್ದೂ ನೆನಪಿದೆ.

ಜೋಳ ಎದೆಮಟ್ಟ ಬೆಳೆಯುವ ಹೊತ್ತಿಗೆ ಎರೆಭೂಮಿ ಬಾಯಿ ಬಿಡಲು ಶುರು ಮಾಡುತ್ತೆ. ಕೈ ತೂರುವಷ್ಟು ಬಿರುಕು. ಒಳಗಿನ ಹಸಿಯೆಲ್ಲ ಆ ಬಿರುಕಿನಿಂದ ಹೋಗುತ್ತೆ. ಆಗ ಎಡೆಕುಂಟಿ ಹೊಡೆದು ಬಿರುಕು ಮುಚ್ಚಬೇಕು. ಕಸ ಇಲ್ಲದಿದ್ದರೂ ಅಪ್ಪ ಮತ್ತೊಮ್ಮೆ ಎಡೆ ಹೊಡೆಯುತ್ತಿದ್ದದ್ದು ಇದಕ್ಕೇ. ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ ಒಳ್ಳೇ ವರ್ಷ ಅಂತ ಲೆಕ್ಕ. ಆ ನಾಲ್ಕೈದು ಕ್ವಿಂಟಲ್ ಒಳಗೆ ಇಷ್ಟೆಲ್ಲ ತಿಳಿವಳಿಕೆ ಸೇರಿದೆ.

ಈಗ ಅವ್ವನ ಮಾತು. ಅಪ್ಪನನ್ನು ನೆನೆಸುವ ಸಭೆಯಲ್ಲಿ ಅವ್ವನನ್ನು ಬಿಟ್ಟು ಮಾತಾಡಿದರೆ ಆ ಮಾತು ಅರ್ಧ ಆಗುತ್ತೆ. ಕೂರಿಗೆ ಹಿಡಿದು ಎತ್ತು ಹೊಡೆದವನು ಅಪ್ಪ. ಕೂರಿಗೆಯ ಬಟ್ಟಲಿಗೆ ಕಾಳು ಬಿಟ್ಟವಳು ಅವ್ವ. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಎತ್ತಿನ ಹೆಜ್ಜೆಗೆ ಸರಿಯಾಗಿ ನಡೆಯುತ್ತ, ಬೆರಳ ಸಂದಿಯಿಂದ ಕಾಳು ಸಮನಾಗಿ ಬಿಡಬೇಕು. ದಟ್ಟವಾದರೆ ಹಸಿ ಸಾಲದೆ ಎಲ್ಲ ಬೆಳೆಯೂ ಬಡವಾಗುತ್ತೆ. ವಿರಳವಾದರೆ ಹೊಲ ಖಾಲಿ. ಎಕರೆಗೆ ಮೂರ್ನಾಲ್ಕು ಕೆ.ಜಿ. ಬೀಜವನ್ನು ತೂಕ ಇಲ್ಲದೆ, ಅಳತೆ ಇಲ್ಲದೆ, ಬರೀ ಬೆರಳಿನಲ್ಲಿ ಹಂಚುವ ಕೆಲಸ ಅದು. ಅವ್ವನಿಗೆ ಮೈ ಹುಷಾರಿಲ್ಲದ ಒಂದು ವರ್ಷ ಅಪ್ಪ ಬಿತ್ತಿಗೆ ನಿಲ್ಲಿಸಿದ. ಬೇರೆಯವರನ್ನು ಕರೆಯಲಿಲ್ಲ. ಎರಡು ದಿನದ ಹಸಿ ಕಳೆದುಕೊಂಡರೂ ಕಾದ. ಅವ್ವನ ಕೈಯ ಬೆಲೆ ಅವನಿಗೆ ಗೊತ್ತಿತ್ತು. ಬಾಯಿಬಿಟ್ಟು ಒಂದು ದಿನವೂ ಹೇಳಲಿಲ್ಲ. ಅದನ್ನು ನಾನು ಇವತ್ತು ಅವನ ಪರವಾಗಿ ಎಲ್ಲರ ಎದುರಿಗೆ ಹೇಳುತ್ತಿದ್ದೀನಿ.

1972-73ರ ಬರ ಕಂಡವರು ಈ ಸಭೆಯಲ್ಲಿ ಇನ್ನೂ ಕೆಲವರಿದ್ದೀರಿ. ಅಪ್ಪ ಅವ್ವನ ಮದುವೆಯಾಗಿ ಆಗಿನ್ನೂ ಹೆಚ್ಚು ದಿನ ಆಗಿರಲಿಲ್ಲ. ಇಬ್ಬರೂ ಬರಗಾಲದ ಕಾಮಗಾರಿಗೆ ಹೋಗಿ ರಸ್ತೆಗೆ ಜಲ್ಲಿ ಒಡೆದರು. ಸಂಜೆ ಅಂಬಲಿ. ಮೇವಿಲ್ಲದೆ ದನ ಸತ್ತವು. ಆ ಬರದಿಂದ ಅಪ್ಪ ಒಂದು ನಿಯಮ ಹಾಕಿಕೊಂಡ: ಮನೆಯಲ್ಲಿ ಒಂದು ವರ್ಷದ ಕಾಳು ಇಲ್ಲದೆ ಒಂದು ಚೀಲವೂ ಪೇಟೆಗೆ ಹೋಗಬಾರದು. ಸಾಯುವವರೆಗೂ ಆ ನಿಯಮ ಮುರಿಯಲಿಲ್ಲ.

ಆ ಕಾಳು ಇರುತ್ತಿದ್ದದ್ದು ಹಗೇವಿನಲ್ಲಿ. ಈಗಿನ ಹುಡುಗರು ಹಗೇವು ನೋಡಿಲ್ಲ. ನಮ್ಮ ಮನೆ ಮುಂದಿನ ಕಟ್ಟೆಯ ಪಕ್ಕದಲ್ಲಿ ಈಗ ಬೈಕ್ ನಿಲ್ಲಿಸುತ್ತೀರಲ್ಲ, ಅದರ ಕೆಳಗೇ ಇದೆ. ನೆಲದೊಳಗೆ ಹೂಜಿಯ ಆಕಾರ, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ದೊಡ್ಡದು. ಒಳಗೋಡೆಗೆ ದಂಟು, ಒಣಹುಲ್ಲು ದಪ್ಪವಾಗಿ ಹಾಸಿ ಜೋಳ ಸುರಿಯುತ್ತಿದ್ದರು. ಮೇಲೆ ಹೊಟ್ಟು, ಅದರ ಮೇಲೆ ಕಲ್ಲುಚಪ್ಪಡಿ, ಸುತ್ತ ಮಣ್ಣು ಮೆತ್ತಿ ಗಾಳಿ ಆಡದ ಹಾಗೆ ಮುಚ್ಚುತ್ತಿದ್ದರು. ಗಾಳಿ ಇಲ್ಲದ ಮೇಲೆ ಹುಳ ಬದುಕೋದಿಲ್ಲ. ಕಾಳು ವರ್ಷಗಟ್ಟಲೆ ಕೆಡೋದಿಲ್ಲ. ಆದರೆ ಒಳಗೆ ನಿಂತ ಕೆಟ್ಟ ಗಾಳಿ ಮನುಷ್ಯನನ್ನೂ ಕೊಲ್ಲುತ್ತೆ. ಬಾಯಿ ತೆರೆದ ಕೂಡಲೇ ಅಪ್ಪ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಒಂದೊಪ್ಪತ್ತು ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದ. ದೀಪ ಆರಿದರೆ ಅವತ್ತು ಯಾರೂ ಇಳಿಯೋ ಹಾಗಿಲ್ಲ. ಉರಿದರೆ ಮೊದಲು ತಾನೇ ಇಳಿಯುತ್ತಿದ್ದ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು. ಅವನು ಮೇಲೆ ಬರೋವರೆಗೂ ಅವ್ವ ಹಗ್ಗದ ಮೇಲಿನ ಕೈ ತೆಗೆಯುತ್ತಿರಲಿಲ್ಲ. ಗೋಡೆಗೆ ಹತ್ತಿದ ಕಾಳಿಗೆ ಒಂದು ಥರ ಕಮಟು ವಾಸನೆ ಇರುತ್ತಿತ್ತು. ಆ ಜೋಳದ ರೊಟ್ಟಿ ನಮಗೆ ಸೇರುತ್ತಿರಲಿಲ್ಲ. ಅಪ್ಪ ಆ ಹಿಟ್ಟಿನ ರೊಟ್ಟಿ ತನಗೆ ಹಾಕಿಸಿಕೊಂಡು, ಪುಂಡಿಪಲ್ಲೆ ಹಚ್ಚಿ ತಿಂದು ಏಳುತ್ತಿದ್ದ.

ಹಗೇವು ಇದ್ದದ್ದಕ್ಕೆ ಮತ್ತೊಂದು ಅನುಕೂಲ ಆಯಿತು. ಸಾಲಗಾರನಾದವನು ರಾಶಿ ಆದ ತಕ್ಷಣ ಮಾರಲೇಬೇಕು. ಎಲ್ಲರೂ ಮಾರುವ ಹೊತ್ತಿಗೆ ದರ ಬಿದ್ದಿರುತ್ತೆ. ಅಪ್ಪ ಆಷಾಢ, ಶ್ರಾವಣದವರೆಗೂ ಕಾಯುತ್ತಿದ್ದ. ಹೊಸ ಬೆಳೆಯ ಅಂದಾಜು ಸಿಕ್ಕ ಮೇಲೆ ಹಳೇ ಕಾಳು ಎಷ್ಟು ಬಿಡಬಹುದು ಅಂತ ತೀರ್ಮಾನ ಮಾಡುತ್ತಿದ್ದ. ಕಾಯುವ ಶಕ್ತಿ ಇದ್ದವನಿಗೆ ಮಾತ್ರ ಪೇಟೆಯಲ್ಲಿ ಮರ್ಯಾದೆ ಅಂತ ನಾನು ಕ್ಲಾಸಿನಲ್ಲಿ ಹೇಳುವಾಗ ನನ್ನ ಕಣ್ಣ ಮುಂದೆ ಆ ಹಗೇವಿನ ಚಪ್ಪಡಿ ಇರುತ್ತೆ.

ಮಸಾರಿ, ಅಂದರೆ ಕೆಂಪುಮಣ್ಣಿನ ಹೊಲದ ಲೆಕ್ಕ ಬೇರೆ. ಅಲ್ಲಿ ಸಜ್ಜೆ, ನಡುವೆ ಅಕ್ಕಡಿ ಸಾಲಿಗೆ ತೊಗರಿ. ಸಜ್ಜೆ ಹೋದರೂ ತೊಗರಿ ನಿಲ್ಲುತ್ತೆ, ಅದರ ಬೇರು ಆಳ. ಒಂದೇ ಬೆಳೆ ನಂಬಿದ್ದು ಅಪ್ಪನ ಜೀವನದಲ್ಲಿ ಒಂದೇ ಸಲ. 2002ರಲ್ಲಿ ಬಿ.ಟಿ. ಹತ್ತಿಗೆ ದೇಶದಲ್ಲಿ ಒಪ್ಪಿಗೆ ಸಿಕ್ಕಿತು. ಮುಂದಿನ ಕೆಲವು ವರ್ಷದಲ್ಲಿ ರಾಯಚೂರು ಸೀಮೆಯ ತುಂಬ ಹತ್ತಿ. ಅಪ್ಪನೂ ಒಂದು ವರ್ಷ ಅಣ್ಣನ ಮಾತಿಗೆ ಕಟ್ಟುಬಿದ್ದು ಎಲ್ಲ ಹೊಲಕ್ಕೂ ಹತ್ತಿ ಹಾಕಿದ. ಬೀಜ, ಗೊಬ್ಬರ, ಔಷಧ ಎಲ್ಲ ಉದ್ರಿ. ಮಳೆ ಕೈಕೊಟ್ಟಿತು. ಬಂದಷ್ಟು ಹತ್ತಿಯನ್ನು ಉದ್ರಿ ಕೊಟ್ಟ ಅಂಗಡಿಗೇ ಹಾಕಬೇಕಾಯಿತು. ಹಸಿ ಇದೆ ಅಂತ ಚೀಲಕ್ಕಿಷ್ಟು ತೂಕ ಮುರಿದುಕೊಂಡರು. ಅಪ್ಪ ಅಲ್ಲಿ ತಿರುಗಿ ಮಾತಾಡಲಿಲ್ಲ. ಮನೆಗೆ ಬಂದು ಅಣ್ಣನ ಮೇಲೂ ಕೂಗಾಡಲಿಲ್ಲ. ಮರುವರ್ಷ ಹತ್ತಿಯ ನಡುವೆ ತೊಗರಿ ಸಾಲು ಹಾಕಿದ, ಎರೆಹೊಲವನ್ನು ಜೋಳಕ್ಕೆ ವಾಪಸ್ ತಂದ. ಸಾಲ ತೀರಲು ಬಹಳ ಬೇಸಿಗೆ ಹಿಡಿಯಿತು. ಆ ಬೇಸಿಗೆಗಳಲ್ಲಿ ನಮ್ಮ ಹೊಟ್ಟೆ ಹೊರೆದದ್ದು ಹಗೇವು, ಮತ್ತೆ 2006ರಲ್ಲಿ ನಮ್ಮ ಜಿಲ್ಲೆಗೆ ಬಂದ ಉದ್ಯೋಗ ಖಾತ್ರಿ. ಜಾಬ್ ಕಾರ್ಡಿನಲ್ಲಿ ಅವ್ವನ ಹೆಸರೂ ಇತ್ತು. ಅವ್ವ ತನ್ನ ಹೆಸರಿಗೆ ಕೂಲಿ ಎಣಿಸಿಕೊಂಡದ್ದು ಅದೇ ಮೊದಲು.

ಗುಳೆ, ಅಂದರೆ ಕೂಲಿಗಾಗಿ ಊರು ಬಿಟ್ಟು ಹೋಗೋದು, ಅದರ ಬಗ್ಗೆ ಹೇಳಲೇಬೇಕು. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರ ಹೊತ್ತಿಗೆ ನೀರು ಹರಿಯಿತು. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಭತ್ತದ ಸೀಮೆ ಎದ್ದಿತು. ನಿಜವಾಗಿ ಆ ಕಾಲುವೆಯ ಬಹಳಷ್ಟು ನೀರು ಜೋಳ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಅಂತ ಲೆಕ್ಕ ಹಾಕಿದ್ದು. ಮೇಲಿನವರು ಭತ್ತ ನಾಟಿ ಮಾಡಿದರು, ಕೊನೆಯ ಭಾಗದವರು ಇವತ್ತಿಗೂ ನೀರಿಗಾಗಿ ರಸ್ತೆಗಿಳಿಯುತ್ತಾರೆ. ನಮ್ಮಂಥ ಒಣ ಊರಿನವರು ನಾಟಿಗೆ, ಕೊಯ್ಲಿಗೆ ಅಲ್ಲಿಗೆ ಕೂಲಿ ಹೋದರು. ಅದೂ ಇಲ್ಲದಾಗ ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಹೋದ ಮನೆಗಳು ನಮ್ಮ ಓಣಿಯಲ್ಲೇ ಎಷ್ಟು! ಆ ಮಕ್ಕಳ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು.

ಅಪ್ಪ ಅವ್ವನೂ ಗುಳೆ ಹೋದರು. ಆದರೆ ಹೋಗುವ ಮೊದಲು ನನ್ನನ್ನು ಲಿಂಗಸೂಗೂರಿನ ಸರ್ಕಾರಿ ಹಾಸ್ಟೆಲಿನಲ್ಲಿ ಬಿಟ್ಟರು. ಹೆಣ್ಣುಹುಡುಗಿಯನ್ನು ಹಾಸ್ಟೆಲಿಗೆ ಹಾಕೋದಾ ಅಂತ ಓಣಿಯ ಜನ ಕೇಳಿದ್ದರು. ಅಪ್ಪನ ಉತ್ತರ ಎರಡೇ ಮಾತು: "ಅಲ್ಲಿ ಹೊತ್ತೊತ್ತಿಗೆ ಊಟ ಐತಿ. ಸಾಲಿ ತಪ್ಪಂಗಿಲ್ಲ." ಇದರಲ್ಲೂ ಲೆಕ್ಕವೇ ನೋಡಿ. ಹಾಸ್ಟೆಲಿನ ಗೇಟಿನಲ್ಲಿ ನನ್ನ ತಲೆ ಮೇಲೆ ಕೈಯಿಟ್ಟು, "ಅಂಜಬ್ಯಾಡವಾ, ಎಳ್ಳಮಾಸಿಗೆ ಕರ್ಕೊಂಡು ಹೋಗ್ತೀನಿ" ಅಂದ. ಎಳ್ಳಮಾವಾಸ್ಯೆಗೆ ಎಲ್ಲಿದ್ದರೂ ಊರಿಗೆ ಬರುತ್ತಿದ್ದ. ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲದೆ ಅವನಿಗೆ ವರ್ಷ ಕಳೆದ ಹಾಗೆ ಆಗುತ್ತಿರಲಿಲ್ಲ. ಕಡುಬು, ಸಜ್ಜೆರೊಟ್ಟಿ ಕಟ್ಟಿಕೊಂಡು ಎಲ್ಲರೂ ಬಂಡಿಯಲ್ಲಿ ಹೋಗುತ್ತಿದ್ದೆವು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಚೈನ್ ಕಡಿದು ನೀರು ಹೊಳೆ ಪಾಲಾಯಿತಲ್ಲ, ಆಗ ಅಪ್ಪ ಹಾಸಿಗೆ ಹಿಡಿದಿದ್ದ. ಟಿ.ವಿ. ಮುಂದಿನಿಂದ ಏಳಲಿಲ್ಲ. ನಮ್ಮ ಹೊಲಕ್ಕೆ ಆ ಡ್ಯಾಮಿನ ನೀರು ಒಂದು ದಿನವೂ ಬಂದಿಲ್ಲ, ನಿನಗ್ಯಾಕೆ ಇಷ್ಟು ಚಿಂತೆ ಅಂತ ತಮ್ಮ ಕೇಳಿದ. "ಅಲ್ಲಿ ಭತ್ತ ಇಲ್ಲಂದ್ರ ಇಲ್ಲಿ ಕೂಲಿ ಇಲ್ಲಪಾ" ಅಂದ. ವಾರದ ಹೊತ್ತಿಗೆ ತಾತ್ಕಾಲಿಕ ಗೇಟು ಕೂರಿಸಿದ ಸುದ್ದಿ ಬಂದ ಮೇಲೇ ಅವನು ಹೊಟ್ಟೆ ತುಂಬ ಉಂಡ.

ಅವನಲ್ಲಿ ಕೊರತೆ ಇರಲಿಲ್ಲ ಅಂತ ನಾನು ಹೇಳೋದಿಲ್ಲ. ಮನೆ ಪಾಲಾಗುವಾಗ ಚಿಕ್ಕಪ್ಪನ ಜೊತೆ ಒಂದು ಬದುವಿನ ಸಲುವಾಗಿ ವರ್ಷಗಟ್ಟಲೆ ಮಾತು ಬಿಟ್ಟ. ಮೊಣಕಾಲು ಬಾತು ನಡೆಯಲು ಆಗದಿದ್ದರೂ ರಾಶಿ ಮುಗಿಯಲಿ ಅಂತ ದವಾಖಾನೆ ಮುಂದೂಡಿದ. ಬೀಡಿ ಬಿಡಲಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಅವ್ವನ ಜೊತೆಗಿನ ಅವನ ಮೌನ. ದೊಡ್ಡ ತೀರ್ಮಾನಗಳೆಲ್ಲ ಅವನೊಬ್ಬನ ತಲೆಯಲ್ಲೇ ಆಗುತ್ತಿದ್ದವು. ಅವ್ವನಿಗೆ ಗೊತ್ತಾಗುತ್ತಿದ್ದದ್ದು ಬುತ್ತಿ ಕಟ್ಟು ಅಂದಾಗ. ಅಷ್ಟು ತಿಳಿದವನಿಗೆ ಇದು ಯಾಕೆ ತಿಳಿಯಲಿಲ್ಲ ಅಂತ ನಾನು ಅವನ ಎದುರಿಗೇ ಕೇಳಿದ್ದೀನಿ. ಸುಮ್ಮನೆ ನನ್ನ ಮುಖ ನೋಡಿದ.

ಈ ವರ್ಷ ಪೌತಿ ಖಾತೆಗೆ, ಅಂದರೆ ತೀರಿಕೊಂಡ ಅಪ್ಪನ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕುವಾಗ ಅಣ್ಣ, ತಮ್ಮ, ನಾನು ಕೂತು ಮಾತಾಡಿದೆವು. ಪಹಣಿಯಲ್ಲಿ ಮಾಲೀಕರ ಹೆಸರು ಬರುವ 9ನೇ ಕಾಲಮ್ಮಿನಲ್ಲಿ ಇಷ್ಟು ವರ್ಷ ಅಪ್ಪನ ಹೆಸರೊಂದೇ ಇತ್ತು. ಅಣ್ಣನೇ ಮೊದಲು ಬಾಯಿಬಿಟ್ಟ: ಅವ್ವನ ಹೆಸರು ಮೊದಲು ಬರಲಿ, ಆಮೇಲೆ ನಾವು ಮೂವರೂ. ಹೆಣ್ಣುಮಕ್ಕಳಿಗೂ ಪಾಲಿದೆ ಅಂತ ಕರ್ನಾಟಕದಲ್ಲಿ 1994ರಿಂದಲೇ ಕಾನೂನು ಇದೆ. ಆದರೂ ಹಕ್ಕು ಬಿಟ್ಟುಕೊಟ್ಟೆ ಅಂತ ಅಕ್ಕತಂಗಿಯರಿಂದ ಬರೆಸಿಕೊಳ್ಳುವ ಮನೆಗಳೇ ನಮ್ಮಲ್ಲಿ ಹೆಚ್ಚು. ನನ್ನ ಅಣ್ಣತಮ್ಮಂದಿರು ಆ ಮಾತೇ ಎತ್ತಲಿಲ್ಲ. ಅದಕ್ಕೆ ಈ ಸಭೆಯಲ್ಲಿ ಅವರಿಗೆ ನಮಸ್ಕಾರ ಹೇಳುತ್ತೇನೆ. ಹೊಸ ಪಹಣಿ ಬಂದ ದಿನ ಅವ್ವ ಅದನ್ನು ಓದಲು ಬಾರದಿದ್ದರೂ ತಿರುವಿ ತಿರುವಿ ನೋಡಿ, "ಯಾವ ಸಾಲಿನಾಗ ಐತಿ ನನ್ನ ಹೆಸರು?" ಅಂತ ಕೇಳಿದಳು. ತಮ್ಮ ಅವಳ ಬೆರಳು ಹಿಡಿದು ಇಟ್ಟು ತೋರಿಸಿದ.

ಕೊನೆಯದಾಗಿ ಒಂದು ಕೋರಿಕೆ. ಅಪ್ಪನ ಲೆಕ್ಕದಲ್ಲಿ ನನಗೆ ಸಿಕ್ಕಿದ್ದು ಕಾಲು ಭಾಗವೂ ಇಲ್ಲ. ಉಳಿದದ್ದು ನಿಮ್ಮಲ್ಲಿದೆ. ಯಾವ ಮಳೆಗೆ ಏನು ಬಿತ್ತಬೇಕು, ಯಾವ ಗಾಳಿಗೆ ರಾಶಿ ತೂರಬೇಕು, ಹಗೇವಿಗೆ ಎಂಥ ಜಾಗ ಆರಿಸಬೇಕು, ಬೀಜದ ತೆನೆ ಹೇಗೆ ಆರಿಸಿಡಬೇಕು, ಎಲ್ಲವನ್ನೂ ಹೇಳಿ. ನನ್ನ ಕಾಲೇಜಿನ ಹುಡುಗ ಹುಡುಗಿಯರು ನೋಟ್‌ಬುಕ್, ಮೊಬೈಲ್ ಹಿಡಿದು ಹಿಂದೆ ಕೂತಿದ್ದಾರೆ. ಅವರು ಇವತ್ತು ಬಂದಿರೋದು ನನ್ನ ಭಾಷಣ ಕೇಳೋಕೆ ಅಲ್ಲ, ನಿಮ್ಮ ಮಾತು ಬರೆದುಕೊಳ್ಳೋಕೆ. ಹೆಂಗಸರ ಕಡೆಗೂ ಬರುತ್ತಾರೆ, ಕಾಳು ಬಿಡುವ ಕೈಯ ಲೆಕ್ಕ ಅಲ್ಲೇ ಸಿಗಬೇಕು.

ಮೊದಲು ಹಸ್ತದ ಪಕ್ಷದವರು ಮಾತಾಡಲಿ. ಮಾವ, ಉತ್ತರಿಗೆ ಬಿತ್ತಿದ್ದು ಯಾವ ವರ್ಷ ತಪ್ಪಾಯಿತು, ಯಾವ ವರ್ಷ ನೀವು ಗೆದ್ದಿರಿ, ಬಿಡದೆ ಹೇಳಬೇಕು. ತಮ್ಮಾ, ಆ ಮೈಕ್ ಅವರ ಕೈಗೆ ಕೊಡು.